ಬಳ್ಳಾರಿಯಲ್ಲಿ, ಲೀಗ್ ಇಲ್ಲದ ಸೆಪ್ಟೆಂಬರ್

ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ ನಿಲ್ದಾಣದಲ್ಲಿ ನಿಂತಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನೀಲಿ ಜೆರ್ಸಿಯೊಂದು ಕಂಡಿತು. ಬೆನ್ನ ಮೇಲಿನ 11 ಎಂಬ ಅಂಕಿ ಒಗೆದು ಒಗೆದು ಅರ್ಧ ಅಳಿಸಿಹೋಗಿತ್ತು. ಚಿಕ್ಕಪ್ಪನ ಮಗ, ನನ್ನ ತಮ್ಮ. ಚೀಲ ಕಸಿದುಕೊಂಡವನು ಊರಿನ ಸುದ್ದಿ, ಚಿಕ್ಕಮ್ಮನ ಮೊಣಕಾಲು ನೋವು ಯಾವುದನ್ನೂ ಹೇಳದೆ ಮೊದಲು ಕೇಳಿದ್ದು ಒಂದೇ ಮಾತು: ‘ಅಣ್ಣಾ, ಲೀಗ್ ಯಾವಾಗ ಶುರುವಾಗುತ್ತದೆ?’

ನನ್ನಲ್ಲಿ ಉತ್ತರವಿರಲಿಲ್ಲ. ಅದು 2025ರ ಸೆಪ್ಟೆಂಬರ್. ಹಿಂದಿನ ವರ್ಷ ಇದೇ ತಿಂಗಳಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾಗಿತ್ತು. ಈ ಸಲ ಜುಲೈಯಲ್ಲೇ ತಡೆಹಿಡಿದಿದ್ದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸುವ ಸಂಸ್ಥೆಗೂ 2010ರಲ್ಲಿ ಆದ ಹದಿನೈದು ವರ್ಷಗಳ ಒಪ್ಪಂದ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನೇ ಸ್ಥಗಿತಗೊಳಿಸಿತು. ಹನ್ನೆರಡು ವರ್ಷಗಳಿಂದ ನನ್ನ ಶನಿವಾರ, ಭಾನುವಾರಗಳನ್ನು ತುಂಬಿದ್ದ ಆಟ ಹೀಗೆ ಏಕಾಏಕಿ ಇಲ್ಲವಾದಾಗ ಬೆಂಗಳೂರಿನ ಮನೆಯಲ್ಲಿ ಕೂರಲು ಮನಸ್ಸಾಗಲಿಲ್ಲ. ಮೂರು ದಿನ ರಜೆ ಹಾಕಿ ಬಳ್ಳಾರಿಗೆ ಬಂದೆ. ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ತೋರಣಗಲ್ಲಿನ ಕ್ರೀಡಾ ಸಂಸ್ಥೆಯಲ್ಲಿ ನಮ್ಮ ತಂಡ ಋತುವಿಗೆ ಮುನ್ನ ಎಷ್ಟೋ ಸಲ ತಾಲೀಮು ನಡೆಸಿದೆ. ಆ ನೆಲವನ್ನೊಮ್ಮೆ ನೋಡಬೇಕೆಂದಿದ್ದೆ.

ನಿಲ್ದಾಣದ ಹೊರಗೆ ತಳ್ಳುಗಾಡಿಯ ಮುಂದೆ ನಿಂತು ಒಗ್ಗರಣೆ, ಮಿರ್ಚಿ ತಿಂದೆವು. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕಲಸಿ, ಮೇಲೆ ಪುಟಾಣಿ ಪುಡಿ ಉದುರಿಸಿದ ಒಗ್ಗರಣೆ. ಬೆಂಗಳೂರಿನಲ್ಲಿ ಇದನ್ನು ಹುಡುಕಿ ಹುಡುಕಿ ಸೋತಿದ್ದೇನೆ. ತಟ್ಟೆ ಹಿಡಿದ ತಮ್ಮನ ಬೆರಳ ತುದಿಗಳು ನೀಲಿಯಾಗಿದ್ದವು. ಅವನು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಬಟ್ಟೆ ಕತ್ತರಿಸುತ್ತಾನೆ. ಒಗೆಯದ ಹೊಸ ಡೆನಿಮ್‌ನ ಬಣ್ಣ ಕೈಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲವಂತೆ. ‘ಇದು ತಂಡದ ಬಣ್ಣವೇ ಅಲ್ಲವೇ, ಇರಲಿ ಬಿಡು’ ಎಂದ.

ಬಿಸಿಲು ಏರುವ ಮೊದಲೇ ಬಳ್ಳಾರಿ ಗುಡ್ಡ ಹತ್ತಿದೆವು. ಬರೀ ಬಂಡೆ. ಬಂಡೆಯಲ್ಲೇ ಕಡಿದ ಮೆಟ್ಟಿಲು, ಬಂಡೆಗಳ ನಡುವೆ ಮಳೆನೀರು ನಿಂತ ಹೊಂಡ, ಬಂಡೆಯ ಮೇಲೆಯೇ ಎದ್ದ ಕೋಟೆಯ ಗೋಡೆ. ಹನುಮಪ್ಪ ನಾಯಕನ ಕಾಲದ ಮೇಲುಕೋಟೆ ಅದು. ಮುಂದೆ ಹೈದರಾಲಿ ಫ್ರೆಂಚ್ ಎಂಜಿನಿಯರ್ ಒಬ್ಬನ ಕೈಯಲ್ಲಿ ಕೋಟೆಯನ್ನು ಬಲಪಡಿಸಿದನಂತೆ. ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವೆಂದು ತಿಳಿದು, ಆ ಎಂಜಿನಿಯರನನ್ನು ಕೋಟೆ ಬಾಗಿಲ ಬಳಿಯೇ ನೇಣಿಗೇರಿಸಿದನೆಂದು ಊರಿನವರು ಹೇಳುತ್ತಾರೆ. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಅಂದು ಗೋಡೆಗೆ ಒರಗಿ ಕುಂಬಾರ ಗುಡ್ಡವನ್ನು ನೋಡುತ್ತಿದ್ದಾಗ ನನಗೆ ನೆನಪಾದದ್ದು 2018ರ ಮಾರ್ಚ್ 17.

ಆ ದಿನದ ಬಗ್ಗೆ ಹೇಳಲೇಬೇಕು. ಬೆಂಗಳೂರು ಎಫ್‌ಸಿ ದೇಶದ ಇನ್ನೊಂದು ಲೀಗ್ ಆದ ಐ-ಲೀಗ್ ಬಿಟ್ಟು ಸೂಪರ್ ಲೀಗ್‌ಗೆ ಬಂದ ಮೊದಲ ಋತು. ಲೀಗ್ ಹಂತದ 18 ಪಂದ್ಯಗಳಲ್ಲಿ 40 ಅಂಕ. ಎರಡನೆಯ ಸ್ಥಾನದ ಚೆನ್ನೈಯಿನ್‌ಗೆ 32. ಎಂಟು ಅಂಕಗಳ ಅಂತರವೆಂದರೆ ಇಂಗ್ಲೆಂಡಿನಲ್ಲಾದರೆ ಕಪ್ ಎತ್ತಿ ಊರೆಲ್ಲ ಮೆರವಣಿಗೆ ಆಗಿರುತ್ತಿತ್ತು. ಇಲ್ಲಿ ಇನ್ನೂ ಫೈನಲ್ ಇತ್ತು, ಅದೂ ನಮ್ಮದೇ ಕಂಠೀರವದಲ್ಲಿ. ಒಂಬತ್ತನೆಯ ನಿಮಿಷದಲ್ಲಿ ನಮ್ಮ ನಾಯಕ ಸುನಿಲ್ ಚೆಟ್ರಿ ಗೋಲು ಹೊಡೆದಾಗ ಪಶ್ಚಿಮದ ಸ್ಟ್ಯಾಂಡ್ ನಡುಗಿತು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎಂಬ ಡಿಫೆಂಡರ್ ತಲೆಯಿಂದಲೇ ಎರಡು ಗೋಲು ತೂರಿಸಿದ. ರಫಾಯೆಲ್ ಅಗಸ್ಟೊ ಮೂರನೆಯದು. ನಮ್ಮ ಮಿಕು ಕೊನೆಯಲ್ಲಿ ಒಂದನ್ನು ಮರಳಿಸಿದರೂ ಹೊತ್ತು ಮೀರಿತ್ತು. 3-2. ತಿಂಗಳುಗಟ್ಟಲೆ ಕಟ್ಟಿದ್ದು ಒಂದು ಸಂಜೆಯಲ್ಲಿ ಕುಸಿಯಿತು.

ಆ ಸಂಜೆ ನನ್ನ ಪಕ್ಕದಲ್ಲಿ ಇದೇ ತಮ್ಮ ಕುಳಿತಿದ್ದ. ಇಪ್ಪತ್ತು ವರ್ಷದ ಹುಡುಗ. ಬಳ್ಳಾರಿಯಿಂದ ಮುನ್ನೂರು ಕಿಲೋಮೀಟರ್ ರಾತ್ರಿ ಬಸ್ಸಿನಲ್ಲಿ ಬಂದಿದ್ದ. ಮೈದಾನದಲ್ಲಿ ಕುಳಿತು ತನ್ನ ತಂಡವನ್ನು ನೋಡಿದ್ದು ಅದೇ ಮೊದಲು. ಇವತ್ತಿನವರೆಗೆ ಅದೇ ಕೊನೆಯದು. ಅಂದರೆ ಅವನ ಕಣ್ಣೆದುರು ಬೆಂಗಳೂರು ಎಫ್‌ಸಿ ಆಡಿದ್ದು ಒಂದು ಪಂದ್ಯ, ಸೋತದ್ದು ಒಂದು. ಅದೇ ವಾರ ಅವನು ಈ ಜೆರ್ಸಿ ಕೊಂಡ.

ಕೋಟೆಯ ನೆರಳಿನಲ್ಲಿ ನಮ್ಮ ಹಳೆಯ ಜಗಳ ಮತ್ತೆ ಶುರುವಾಯಿತು. ಚಾಂಪಿಯನ್ ಯಾರೆಂದು ಅಂಕಪಟ್ಟಿಯೇ ಹೇಳಬೇಕು ಎಂಬುದು ನನ್ನ ಗಟ್ಟಿ ನಿಲುವು. ಒಂದು ರಾತ್ರಿ ಯಾರೂ ಎಡವಬಹುದು. ತವರಿನಲ್ಲೂ ಹೊರಗೂ, ಮಳೆಯಲ್ಲೂ ಸೆಕೆಯಲ್ಲೂ, ಗಾಯಾಳುಗಳನ್ನು ಬೆಂಚಿನಲ್ಲಿ ಕೂರಿಸಿಕೊಂಡು ತಿಂಗಳುಗಟ್ಟಲೆ ಗೆಲ್ಲುತ್ತ ಹೋಗುವುದು ಬೇರೆಯೇ ಗುಣ. ಸೂಪರ್ ಲೀಗ್‌ನ ಮೊದಲ ನಾಲ್ಕು ಋತುಗಳನ್ನೇ ನೋಡಿ: 2014ರಲ್ಲಿ ಚೆನ್ನೈಯಿನ್, 2015ರಲ್ಲಿ ಗೋವಾ, 2016ರಲ್ಲಿ ಮುಂಬೈ ಸಿಟಿ, ಆಮೇಲೆ ನಾವು. ಪಟ್ಟಿಯ ತುದಿಯಲ್ಲಿದ್ದ ಒಂದು ತಂಡಕ್ಕೂ ಕಪ್ ಸಿಗಲಿಲ್ಲ. 2019ರಲ್ಲಿ ಮುಂಬೈಯಲ್ಲಿ ಗೋವಾ ವಿರುದ್ಧದ ಫೈನಲ್‌ನ 117ನೆಯ ನಿಮಿಷದಲ್ಲಿ ರಾಹುಲ್ ಭೆಕೆ ಹೆಡರ್ ಹೊಡೆದಾಗ ಆ ಸಾಲು ಮುರಿಯಿತು. ಅಗ್ರಸ್ಥಾನ, ಕಪ್ ಎರಡನ್ನೂ ಗೆದ್ದ ಮೊದಲ ತಂಡ ನಮ್ಮದೇ. ಮುಂದಿನ ಋತುವಿನಿಂದ ಅಗ್ರಸ್ಥಾನಕ್ಕೆ ಲೀಗ್ ಶೀಲ್ಡ್ ಕೊಡತೊಡಗಿದರು. ಅದು ಒಳ್ಳೆಯದೇ ಆಯಿತು. ಆಸ್ಟ್ರೇಲಿಯಾದ ಎ-ಲೀಗ್‌ನಲ್ಲೂ ಪಟ್ಟಿಯ ಮೊದಲಿಗರಿಗೆ ಪ್ರತ್ಯೇಕ ಪ್ರಶಸ್ತಿಯಿದೆ. ಆದರೆ ಚಾಂಪಿಯನ್ ಎಂಬ ಹೆಸರು ಮಾತ್ರ ಅಲ್ಲಿಯೂ, 2025ರವರೆಗೆ ಇಲ್ಲಿಯೂ, ಫೈನಲ್ ಗೆದ್ದವರಿಗೇ ಸಿಗುತ್ತಿತ್ತು. ನನ್ನ ತಕರಾರು ಇದ್ದದ್ದು ಆ ಹೆಸರಿನ ಬಗ್ಗೆ.

ತಮ್ಮ ಪೂರ್ತಿ ಕೇಳಿಸಿಕೊಂಡ. ಆಮೇಲೆ, ‘2023ರಲ್ಲಿ ಹೀಗೆ ಹೇಳಿದ್ದೆಯಾ?’ ಎಂದ.

ಹೇಳಿರಲಿಲ್ಲ. ಆ ವರ್ಷ ಮುಂಬೈ ಸಿಟಿ 46 ಅಂಕ ಗಳಿಸಿತ್ತು, ನಾವು 34. ಪಟ್ಟಿಯ ಮೇಲಿನ ತಂಡಗಳು ಕಪ್‌ಗಾಗಿ ಮತ್ತೆ ಸೆಣಸುವ ಪ್ಲೇ-ಆಫ್ ಇದ್ದದ್ದರಿಂದಲೇ ನಮಗೆ ದಾರಿ ತೆರೆಯಿತು. ಕೇರಳ ಬ್ಲಾಸ್ಟರ್ಸ್ ಎದುರು ಹೆಚ್ಚುವರಿ ಅವಧಿಯಲ್ಲಿ ಚೆಟ್ರಿ ಥಟ್ಟನೆ ಫ್ರೀಕಿಕ್ ಹೊಡೆದು ಗೋಲು ಮಾಡಿದ, ಎದುರಾಳಿಗಳು ಪ್ರತಿಭಟಿಸಿ ಮೈದಾನವನ್ನೇ ಬಿಟ್ಟು ನಡೆದರು. ಸೆಮಿಫೈನಲ್‌ನಲ್ಲಿ ಅದೇ ಮುಂಬೈಯನ್ನು ಪೆನಾಲ್ಟಿಗಳಲ್ಲಿ 9-8ರಿಂದ ಮಣಿಸಿದೆವು. ಆ ರಾತ್ರಿ ನಾನು ಗಂಟಲು ಹರಿಯುವಂತೆ ಕೂಗಿದ್ದೇನೆ. ಹನ್ನೆರಡು ಅಂಕ ಮುಂದಿದ್ದವರನ್ನು ಹೊರಗಟ್ಟಿದ್ದು ಅನ್ಯಾಯವೆಂದು ಆಗ ಒಮ್ಮೆಯೂ ಅನ್ನಿಸಲಿಲ್ಲ. ಗೋವಾದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗನ್‌ಗೆ ನಾವು ಪೆನಾಲ್ಟಿಗಳಲ್ಲೇ ಸೋತ ಮೇಲೆ ನನ್ನ ನಿಲುವು ಮತ್ತೆ ಗಟ್ಟಿಯಾಯಿತು. ಇದು ನನ್ನ ವಾದದ ದೊಡ್ಡ ದೋಷವೆಂದು ಗುಡ್ಡದ ಮೇಲೆ ಒಪ್ಪಿಕೊಂಡೆ.

ಆದರೆ ತಮ್ಮನ ವಾದ ಅಲ್ಲಿಗೆ ನಿಲ್ಲಲಿಲ್ಲ. ಮರುದಿನ ತೋರಣಗಲ್ಲಿನ ಬಸ್ಸಿನಲ್ಲಿ ಅವನು ಹೇಳಿದ್ದನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ‘ನೀನು ಕಂಠೀರವಕ್ಕೆ ಅರ್ಧ ಗಂಟೆಯಲ್ಲಿ ಹೋಗುತ್ತೀಯ. ಇವತ್ತು ಸೋತರೆ ಹತ್ತು ದಿನ ಬಿಟ್ಟು ಇನ್ನೊಂದು ಪಂದ್ಯ. ನಿನಗೆ ಲೀಗ್ ಇದೆ, ಅಣ್ಣಾ. ನಮ್ಮಂಥವರಿಗೆ ಸಂಬಳ ಕಡಿಸಿಕೊಂಡು ಬರಲು ಸಾಧ್ಯವಿರುವುದು ವರ್ಷಕ್ಕೆ ಒಂದು ಪಂದ್ಯಕ್ಕೆ. ಆ ಒಂದು ಯಾವುದಾಗಿರಬೇಕು? ಫೈನಲ್ ತೆಗೆದುಹಾಕಿದರೆ ಬಳ್ಳಾರಿಯವನು ಯಾವ ದಿನ ಬಸ್ ಹತ್ತಬೇಕು?’

ಕಿಟಕಿಯಾಚೆ ಕುಡತಿನಿ ಹಾದುಹೋಗುತ್ತಿತ್ತು. ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿಗುಡ್ಡ ಇರುವ ಊರು. ಈಗ ಅದೇ ಊರಿನ ಬಳಿ ಕಲ್ಲಿದ್ದಲು ಉರಿಸುವ ಶಾಖೋತ್ಪನ್ನ ಸ್ಥಾವರದ ಚಿಮಣಿಗಳು. ಅದಿರಿನ ಲಾರಿಗಳ ಸಾಲಿನ ಹಿಂದೆ ಬಸ್ ತೆವಳಿತು. ಗಿಡದ ಎಲೆ, ಅಂಗಡಿಯ ಫಲಕ, ಮೈಲಿಗಲ್ಲು ಎಲ್ಲವೂ ಕೆಂಪು. ನಾನು ತಕ್ಷಣ ಏನೂ ಹೇಳಲಿಲ್ಲ. ಐ-ಲೀಗ್‌ನ 2015ರ ಮೇ 31 ನನಗೆ ನೆನಪಾಯಿತು. ಫೈನಲ್ ಎಂಬುದೇ ಇಲ್ಲದ ಲೀಗ್ ಅದು. ಆದರೂ ಕೊನೆಯ ದಿನ ಕಂಠೀರವದಲ್ಲಿ ನಾವು, ಮೋಹನ್ ಬಾಗನ್. ನಾವು ಗೆದ್ದರೆ ಪ್ರಶಸ್ತಿ ನಮಗೆ, ಡ್ರಾ ಆದರೆ ಅವರಿಗೆ. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದೆವು. 87ನೆಯ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆ ಕೊಟ್ಟು ಸಮ ಮಾಡಿದ. ಅಷ್ಟು ಸಾಕಿತ್ತು, ಕೋಲ್ಕತ್ತಾದಿಂದ ಬಂದವರು ಅಳುತ್ತ ಕುಣಿದರು. ಲೀಗ್ ತಾನಾಗಿಯೇ ಹೆತ್ತ ಫೈನಲ್ ಅಂಥದ್ದು. ನನಗೆ ಬೇಕಾದದ್ದು ಅದು. ಆದರೆ ಅಂಥ ದಿನ ಪ್ರತಿ ವರ್ಷ ಬರುವುದಿಲ್ಲ, ಬರುವುದಾದರೂ ವಾರದ ಹಿಂದಷ್ಟೇ ಗೊತ್ತಾಗುತ್ತದೆ. ಬಳ್ಳಾರಿಯ ಘಟಕದಲ್ಲಿ ದುಡಿಯುವವನು ಅಷ್ಟರಲ್ಲಿ ರಜೆ ಕೇಳಿ ಪಡೆಯುವುದು ಹೇಗೆ? ತಮ್ಮನ ಪ್ರಶ್ನೆ ಅಲ್ಲೇ ಉಳಿಯಿತು.

ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ವಿದ್ಯಾನಗರದ ರಸ್ತೆಗಳು ಹೊರಗಿನ ಧೂಳಿಗೆ ಸಂಬಂಧವೇ ಇಲ್ಲದಷ್ಟು ಹಸಿರಾಗಿವೆ. 2018ರ ಆಗಸ್ಟ್‌ನಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇರುವುದು ಇಲ್ಲೇ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗಳ ಜೊತೆಗೆ ಬೆಂಗಳೂರು ಎಫ್‌ಸಿಯ ಹುಡುಗರ ವಸತಿ ಅಕಾಡೆಮಿಯೂ ಇಲ್ಲಿದೆ. ಒಳಗೆ ಹೋಗಲು ಮುಂಚಿತವಾಗಿ ಅನುಮತಿ ಬೇಕು, ನಾನು ಕೇಳಿರಲಿಲ್ಲ. ಗೇಟಿನ ಆಚೆ ಬದಿಯ ಮರದ ಕೆಳಗೆ ನಿಂತೆವು. ಒಳಗೆಲ್ಲೋ ಒಂದು ಸೀಟಿ ಕೇಳಿಸಿತು, ಸ್ವಲ್ಪ ಹೊತ್ತಿಗೆ ಮತ್ತೊಂದು.

ಕೆಲವು ವರ್ಷಗಳ ಹಿಂದೆ ತಂಡ ತಾಲೀಮಿಗೆ ಬಂದಿದೆಯೆಂದು ತಿಳಿದು ತಮ್ಮ ಗೆಳೆಯನ ಬೈಕ್ ಕೇಳಿ ತಂದು, ಇದೇ ಜಾಗದಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತಿದ್ದನಂತೆ. ಕಿಟಕಿಗೆ ಪರದೆ ಎಳೆದ ಬಸ್ಸೊಂದು ಹೊರಗೆ ಬಂತು. ಕೈ ಬೀಸಿದ. ‘ಒಳಗಿದ್ದವರು ಅವರೇ ಇರಬೇಕು’ ಎಂದ. ಅಷ್ಟೇ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ನನಗೂ ಅಂದೇ ಮೊದಲ ಸಲ ಹೇಳಿದ್ದು.

ಕಂಠೀರವದ ಪಶ್ಚಿಮ ಸ್ಟ್ಯಾಂಡಿನಲ್ಲಿ ನಿಲ್ಲುವವರೇ ನಿಜವಾದ ಅಭಿಮಾನಿಗಳೆಂದು ನಾನು ಬಹಳ ವರ್ಷ ನಂಬಿದ್ದೆ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದಾಗ ನೋಡಲು ಬಂದಿದ್ದವರು 2,569 ಮಂದಿ. ಚೆಟ್ರಿ ಹ್ಯಾಟ್ರಿಕ್ ಹೊಡೆದಿದ್ದ. ಮರುದಿನ ಅವನೇ ವಿಡಿಯೊದಲ್ಲಿ, ಬೇಕಿದ್ದರೆ ಬೈಯಿರಿ, ಟೀಕಿಸಿ, ಆದರೆ ಮೈದಾನಕ್ಕೆ ಬನ್ನಿ ಎಂದು ಅಂಗಲಾಚಿದ. ಆ ಮಾತು ನನ್ನನ್ನು ಹಿಡಿದಲ್ಲಾಡಿಸಿತ್ತು. ಅಂದಿನಿಂದ ಮೈದಾನಕ್ಕೆ ಬಾರದವರ ಬಗ್ಗೆ ನನಗೆ ಸಿಟ್ಟೇ ಇತ್ತು. ಪರದೆ ಎಳೆದ ಬಸ್ಸಿಗೆ ಕೈ ಬೀಸಿದವನ ಪಕ್ಕದಲ್ಲಿ ನಿಂತಾಗ ಆ ಸಿಟ್ಟು ಇಟ್ಟುಕೊಳ್ಳಲು ಆಗಲಿಲ್ಲ. ನನ್ನ ಸುತ್ತ ಪ್ರತಿ ಪಂದ್ಯದಲ್ಲೂ ಸಾವಿರಾರು ಗಂಟಲುಗಳಿರುತ್ತವೆ, ಸೋಲನ್ನು ಹಂಚಿಕೊಳ್ಳಲು ಹೆಗಲುಗಳಿರುತ್ತವೆ. ಅವನು ಮೊಬೈಲಿನ ಪರದೆಯಲ್ಲಿ ಒಬ್ಬನೇ ನೋಡಿ, ಒಬ್ಬನೇ ಸೋತು, ಬೆಳಿಗ್ಗೆ ಎಂಟಕ್ಕೆ ಕತ್ತರಿ ಹಿಡಿಯುತ್ತಾನೆ. 2025ರ ಏಪ್ರಿಲ್ 12ರಂದು ಕೋಲ್ಕತ್ತಾದ ಫೈನಲ್‌ನಲ್ಲಿ ನಾವು ಮುಂದಿದ್ದೂ, ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗನ್‌ನ ಮೆಕ್‌ಲಾರೆನ್ ಗೋಲಿಗೆ 2-1ರಿಂದ ಸೋತ ರಾತ್ರಿ ಅವನಿಗೆ ಫೋನ್ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಅದು ಈಗಲೂ ಚುಚ್ಚುತ್ತದೆ.

ಸಂಜೆ ಕೌಲ್ ಬಜಾರ್ ಕಡೆಯ ಮೈದಾನವೊಂದರಲ್ಲಿ ಹುಡುಗರು ಆಡುವುದನ್ನು ನೋಡುತ್ತ ಕುಳಿತೆವು. ಹುಲ್ಲಿಲ್ಲದ ನೆಲ, ಗೋಲು ಕಂಬಕ್ಕೆ ಇಟ್ಟಿಗೆಗಳು. ಮೂವರ ಮೈಮೇಲೆ ಆರ್‌ಸಿಬಿ ಅಂಗಿ, ಒಬ್ಬನದು ಅರ್ಜೆಂಟೀನಾ. ಹದಿನೆಂಟು ವರ್ಷ ಕಾದು ಜೂನ್‌ನಲ್ಲಿ ಐಪಿಎಲ್ ಕಪ್ ಕಂಡ ಅಭಿಮಾನಿಗಳ ನಿಷ್ಠೆ ಎಂಥದೆಂದು ಈ ನಾಡಿಗೇ ಗೊತ್ತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ ಹನ್ನೊಂದು ಜನ ಪ್ರಾಣ ಬಿಟ್ಟರು. ಆಟವನ್ನು ಪ್ರೀತಿಸಿ ಬಂದವರು ಮನೆಗೆ ಮರಳಬೇಕಿತ್ತು. ಆ ವಿಷಯ ಬಂದಾಗ ನಮ್ಮಿಬ್ಬರಿಗೂ ಮುಂದೆ ಮಾತು ಹೊರಡಲಿಲ್ಲ.

ಆಡುತ್ತಿದ್ದವರಲ್ಲಿ ಚಿಕ್ಕವನೊಬ್ಬ ಚೆಂಡು ತರಲು ಓಡಿಬಂದವನು ತಮ್ಮನ ಜೆರ್ಸಿ ನೋಡಿ, ‘ಅಣ್ಣಾ, ಇದು ಯಾವ ತಂಡ?’ ಎಂದು ಕೇಳಿದ. ತಮ್ಮ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳತೊಡಗಿದ. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದದ್ದು, 2016ರಲ್ಲಿ ಅದುವರೆಗೆ ಭಾರತದ ಯಾವ ಕ್ಲಬ್ಬೂ ಮುಟ್ಟದ, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿ ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಸೋತದ್ದು. ಒಂದು ಇಸವಿಯೂ ತಪ್ಪಲಿಲ್ಲ. ಹುಡುಗನನ್ನು ಆಚೆಯಿಂದ ಕೂಗುತ್ತಿದ್ದರು, ಅವನು ಚೆಂಡನ್ನು ತಬ್ಬಿಕೊಂಡೇ ಕೇಳುತ್ತಿದ್ದ.

ಮೂರನೆಯ ದಿನ ರಾತ್ರಿ ನಿಲ್ದಾಣಕ್ಕೆ ಬಿಡಲು ತಮ್ಮ ಬಂದ. ಚಿಕ್ಕಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ನನ್ನ ಕೈಯಲ್ಲಿತ್ತು. ರೈಲು ಬರುವ ಮುನ್ನ ಅವನಿಗೆ ಹೇಳಿದೆ: ‘ಲೀಗ್ ಶುರುವಾದ ಮೇಲೆ ಒಂದು ಸಲ ಬಾ. ಫೈನಲ್‌ಗೆ ಬೇಡ. ಪಟ್ಟಿಯ ಕೆಳಗಿರುವ ಯಾವುದಾದರೂ ತಂಡದ ಜೊತೆ, ವಾರದ ನಡುವೆ ಆಡುವ ಸಾಮಾನ್ಯ ಪಂದ್ಯಕ್ಕೆ ಬಾ. ಟಿಕೆಟ್ ನಾನು ತೆಗೆದಿರುತ್ತೇನೆ. ಒಂದು ದಿನದ ಸಂಬಳವನ್ನೂ ನಾನೇ ಕೊಡುತ್ತೇನೆ.’

ಅವನು ನೀಲಿ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ ಹಳಿಗಳ ಕಡೆ ನೋಡಿದ.

‘ಸಂಬಳ ಬೇಡ. ಬುಧವಾರವಾದರೆ ರಜೆ ಸಿಗುತ್ತದೆಯೇ ಎಂದು ಮೇಸ್ತ್ರಿಯನ್ನು ಕೇಳಿ ನೋಡುತ್ತೇನೆ’ ಎಂದ.