ಅರವತ್ತೆರಡಕ್ಕೋ ಎಪ್ಪತ್ತಕ್ಕೋ

ಮಾರ್ಚ್ 14, 2024, ಗುರುವಾರ, ಶಿಕಾಗೋ

ಲಾಬಿ ಸೆಕ್ಯೂರಿಟಿ ಅಂಕಲ್‌ಗೆ ಬರೋ ತಿಂಗಳು 62 ತುಂಬತ್ತೆ. ಸೋಶಿಯಲ್ ಸೆಕ್ಯೂರಿಟಿ ದುಡ್ಡು, ಅಂದ್ರೆ ಇಲ್ಲಿನ ಸರ್ಕಾರಿ ಪಿಂಚಣಿ, ಈಗ್ಲೇ ತಗೊಳ್ಳಾ, ತಡೀಲಾ ಅಂತ ಕೇಳಿದ್ರು. ನಾನು ಪಟಪಟ ಅಂತ ಲೆಕ್ಕ ಹೇಳ್ದೆ, ಪೂರ್ತಿ ಪಿಂಚಣಿ ಸಿಗೋದು 67ಕ್ಕೆ, ಈಗ್ಲೇ ತಗೊಂಡ್ರೆ ಅದ್ರಲ್ಲಿ 30 ಪರ್ಸೆಂಟ್ ಖೋತಾ, 70ರ ತನಕ ಕಾದ್ರೆ 24 ಪರ್ಸೆಂಟ್ ಜಾಸ್ತಿ. ಅವ್ರು ನಕ್ರು. "ನಮ್ಮಪ್ಪ 63ಕ್ಕೆ ಹೋದ್ರು, ಅಣ್ಣ 59ಕ್ಕೆ. ಇಬ್ರಿಗೂ ಹಾರ್ಟು. ಕಾದು ಯಾರಿಗೆ ಕೊಡ್ಲಿ?"

ಅವ್ರ ಮನೆ ಎಂಗಲ್‌ವುಡ್. ಕರಿಯರ ಏರಿಯಾ ಅಂದ್ರೆ ನಮ್ಮೋರಿಗೆಲ್ಲ ಬರೀ ಗುಂಡೇಟೇ ನೆನಪಾಗೋದು, ಆದ್ರೆ ಜಾಸ್ತಿ ಜನನ್ನ ಒಯ್ಯೋದು ಹಾರ್ಟು, ಕ್ಯಾನ್ಸರ್ರು. 2019ರಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯೋರು ಹಾಕಿದ ಲೆಕ್ಕದಲ್ಲಿ ಅಲ್ಲಿ ಸರಾಸರಿ ಆಯಸ್ಸು 60, ಇದೇ ಊರಿನ, ದುಡ್ಡಿರೋ ಬಿಳಿಯರೇ ಜಾಸ್ತಿ ಇರೋ ಸ್ಟ್ರೀಟರ್‌ವಿಲ್ಲಲ್ಲಿ 90. ಒಂದೇ ಊರು ಮಾರಾಯ್ರೇ!

ಇವಳಿಗೆ ಹೇಳಿದ್ರೆ, ಬಡತನ ಅಷ್ಟೇ ಅಲ್ವಾ, ಬಡವರು ಎಲ್ಲಾ ಕಡೆ ಬೇಗ ಹೋಗ್ತಾರೆ ಅಂದ್ಲು. ಹೌದು, ಆದ್ರೆ ಆ ಬಡತನಾನೂ ಸುಮ್ನೆ ಬಂದಿದ್ದಲ್ವಲ್ಲ, 1930ರ ದಶಕದಲ್ಲಿ ಸರ್ಕಾರದ ಮ್ಯಾಪಲ್ಲೇ ಕರಿಯರಿರೋ ಬೀದಿಗಳಿಗೆ ಕೆಂಪು ಬಳಿದ್ರು, ಇಲ್ಲಿ ಸಾಲ ಕೊಟ್ರೆ ಅಪಾಯ ಅಂತ, ಅಲ್ಲಿ ಮನೆ ಸಾಲ ಹುಟ್ಟೋದೇ ಕಷ್ಟ ಆಯ್ತು, ಮನೆ ಇಲ್ಲ ಅಂದ್ಮೇಲೆ ಮಕ್ಕಳಿಗೆ ಬಿಟ್ಟು ಹೋಗೋಕೆ ಏನಿರತ್ತೆ. ಇನ್ನೊಂದು ಮಾತು, ದುಡ್ಡು ಓದು ಬಂದ್ರೂ ಪೂರ್ತಿ ಸರಿ ಹೋಗಲ್ಲ. ಡಿಗ್ರಿ ಮಾಡಿದ ಕರಿಯ ಹೆಂಗಸರು ಬಸಿರು ಬಾಣಂತನದಲ್ಲಿ ಸಾಯೋ ಪ್ರಮಾಣ, ಹೈಸ್ಕೂಲೂ ಮುಗಿಸದ ಬಿಳಿಯ ಹೆಂಗಸರಿಗಿಂತ ಜಾಸ್ತಿ ಅಂತ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯೋರೇ ಬರೆದಿದಾರೆ. ಇದಕ್ಕೆ ಇವಳ ಹತ್ರ ಉತ್ತರ ಇರ್ಲಿಲ್ಲ, ನನ್ನ ಹತ್ರಾನೂ ಇಲ್ಲ. ಆರ್ಲೀನ್ ಜೆರೋನಿಮಸ್ ಅನ್ನೋ ಪ್ರೊಫೆಸರ್ 1992ರಿಂದ ಹೇಳ್ತಾನೇ ಇದಾರೆ, ದಿನಾ ಅವಮಾನ ನುಂಗಿ ನುಂಗಿ ಮೈ ವಯಸ್ಸಿಗೆ ಮುಂಚೆ ಸವೆಯತ್ತೆ ಅಂತ.



ನಮ್ಮ ಏಷ್ಯನ್ನರ ಆಯಸ್ಸು 2021ರಲ್ಲಿ 83.5, ಕರಿಯರದ್ದು 71.2. ಕೇಳಿ ಬೀಗೋ ನಮ್ಮೋರಿದಾರೆ, ಸಾರು ಅನ್ನದ ಮಹಿಮೆ ಅಂತೆ! ವೀಸಾ ಕೊಡುವಾಗ್ಲೇ ಓದಿದೋರು, ಕೆಲಸ ಇರೋರು ಅಂತ ಆರಿಸಿ ತಗೊಂಡಿದಾರೆ ಸ್ವಾಮಿ.

ಅಂಕಲ್‌ಗೂ ನಂಗೂ ಸಂಬಳದಲ್ಲಿ ಸೋಶಿಯಲ್ ಸೆಕ್ಯೂರಿಟಿಗೆ ಅಂತ ಹಿಡಿಯೋದು ಅದೇ 6.2 ಪರ್ಸೆಂಟ್. ಈಗ ಜನ ಜಾಸ್ತಿ ದಿನ ಬದುಕ್ತಾರೆ, 67ನ್ನ ಇನ್ನೂ ಏರಿಸಿ ಅಂತ ಆಗಾಗ ಯಾರಾದ್ರೂ ಟೀವಿಲಿ ಕೂಗ್ತಿರ್ತಾರೆ. ಯಾವ ಜನ ಅಂತ ಒಬ್ರಾದ್ರೂ ಕೇಳ್ಬೇಕಲ್ಲ, ಸ್ಟ್ರೀಟರ್‌ವಿಲ್ ಜನಾನಾ ಇಲ್ಲಾ... ಪುಟ್ಟಿ ಪ್ರಾಜೆಕ್ಟಿಗೆ ಗಮ್ ಬೇಕಂತೆ, ಈಗ ಹೇಳ್ತಾಳೆ, ಅಂಗಡಿ ಮುಚ್ಚೋ ಹೊತ್ತಿಗೆ.