1.4 ನ್ಯಾನೋಮೀಟರಿನ ಮೋಸ

ಬೆಟ್ಟದ ಮಣ್ಣಿನ ಜೇಡಿಯನ್ನು ಕ್ಷ-ಕಿರಣಕ್ಕೆ ಒಡ್ಡಿದಾಗ ಖನಿಜದ ಪದರಗಳ ಅಂತರ ತೋರುವ ನಕ್ಷೆಯಲ್ಲಿ 1.4 ನ್ಯಾನೋಮೀಟರ್ ಹತ್ತಿರ ಶಿಖರ ಕಂಡರೆ ಸಾಕು, ‘ವರ್ಮಿಕ್ಯುಲೈಟ್’ ಎಂಬ ಜೇಡಿ ಖನಿಜದ ಹೆಸರು ಬರೆದುಬಿಡುವ ಆತುರ ಬಹಳ ಮಂದಿಗೆ. ಆದರೆ ಬೇರೆ ಪದರ ಖನಿಜಗಳಾದ ಕ್ಲೋರೈಟ್, ಸ್ಮೆಕ್ಟೈಟ್, ಪದರಗಳ ನಡುವೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ತುಂಬಿಕೊಂಡ ವರ್ಮಿಕ್ಯುಲೈಟ್ ಕೂಡ ಅಲ್ಲೇ ಕೂತಿರುತ್ತವೆ.

ವರ್ಮಿಕ್ಯುಲೈಟಿನ ಮೂಲ ಸಾಮಾನ್ಯವಾಗಿ ಅಭ್ರಕ. ಅದರ ಪದರಗಳ ಅಂತರ 1.0 ನ್ಯಾನೋಮೀಟರ್, ಅವನ್ನು ಬಿಗಿಹಿಡಿದಿರುವುದು ಪೊಟ್ಯಾಸಿಯಂ. ಆಮ್ಲ, ನೀರು, ಬೇರು ಸೇರಿ ಅದನ್ನು ಕಿತ್ತರೆ ಪದರಗಳು ಅಂಚಿನಿಂದ ಬಿಚ್ಚಿಕೊಳ್ಳುತ್ತವೆ. ಕರಿ ಅಭ್ರಕ ಬೇಗ ಸೋಲುತ್ತದೆ, ಬಿಳಿ ಅಭ್ರಕ ನಿಧಾನ. ಪಿಎಚ್ 5ರ ಆಸುಪಾಸಿನಲ್ಲಿ ಖಾಲಿಯಾದ ಜಾಗಕ್ಕೆ ಅಲ್ಯೂಮಿನಿಯಂ ನುಗ್ಗುತ್ತದೆ. ಆಮ್ಲ ಇನ್ನೂ ಹೆಚ್ಚಿರುವ ಮೇಲಿನ ಬೂದು ಪದರದಲ್ಲಿ ಸಾವಯವ ಆಮ್ಲಗಳು ಅದನ್ನೂ ಹೊತ್ತೊಯ್ಯುವುದರಿಂದ ಉಬ್ಬುವ ಸ್ಮೆಕ್ಟೈಟ್ ಉಳಿಯುತ್ತದೆ. ಮಣ್ಣು ನೋಡಲು ತೋಡಿದ ಒಂದೇ ಗುಂಡಿಯಲ್ಲಿ, ಒಂದು ಮೀಟರಿನೊಳಗೆ, ಎರಡೂ ಸಿಗಬಹುದು. ಆದ್ದರಿಂದ ಮೇಲಿನದು ಕೆಳಗಿನದು ಬೆರೆಸಿ ಮಾದರಿ ತೆಗೆದರೆ ಕೆಲಸವೇ ಕೆಟ್ಟಿತು.

ಮಣ್ಣನ್ನು ನೀರಿನಲ್ಲಿ ಕದಡಿ, 2 ಮೈಕ್ರಾನಿಗಿಂತ ಸಣ್ಣ ಕಣಗಳಾದ ಜೇಡಿಯನ್ನು ಬೇರ್ಪಡಿಸುವಾಗ ಗಡಿಯಾರ ನೋಡಿ. 20 ಡಿಗ್ರಿ ಸೆಲ್ಸಿಯಸ್‌ ನೀರಿನಲ್ಲಿ 2 ಮೈಕ್ರಾನಿನ ಕಣ 10 ಸೆಂಟಿಮೀಟರ್ ಇಳಿಯಲು ಸುಮಾರು 8 ಗಂಟೆ, 10 ಡಿಗ್ರಿಯಲ್ಲಿ ಸುಮಾರು 10. ಅವಸರಪಟ್ಟು ಮೇಲಿನ ನೀರು ತೆಗೆದರೆ ದಪ್ಪ ಅಭ್ರಕದ ಕಣಗಳೂ ಬಂದು, ಶಿಥಿಲೀಕರಣ ಇನ್ನೂ ಶುರುವೇ ಆಗಿಲ್ಲ ಎನ್ನುವಂತೆ ತೋರುತ್ತದೆ.

ಬೇರ್ಪಟ್ಟ ಜೇಡಿಯ ಒಂದು ಪಾಲನ್ನು ಮೆಗ್ನೀಸಿಯಂನಿಂದ ತುಂಬಿ ಗ್ಲೈಕಾಲ್ ಆವಿಯಲ್ಲಿಡಿ: ಸ್ಮೆಕ್ಟೈಟ್ ಆದರೆ 1.7 ನ್ಯಾನೋಮೀಟರಿಗೆ ಉಬ್ಬುತ್ತದೆ. ಇನ್ನೊಂದನ್ನು ಪೊಟ್ಯಾಸಿಯಂನಿಂದ ತುಂಬಿ ಮೊದಲು ಹಾಗೆಯೇ, ಆಮೇಲೆ 300, 550 ಡಿಗ್ರಿಗೆ ಕಾಯಿಸಿ ನೋಡಿ. ವರ್ಮಿಕ್ಯುಲೈಟ್ 1.0ಕ್ಕೆ ಕುಸಿಯುತ್ತದೆ. ಅಲ್ಯೂಮಿನಿಯಂ ತುಂಬಿದ್ದು 300ರಲ್ಲಿ ಅರ್ಧದಾರಿಗೆ ನಿಂತು ಮೊಂಡು ಹಿಡಿಯುತ್ತದೆ. ಶಿಖರ ಚೂಪಾಗಿರದೆ ಹರಡಿಕೊಳ್ಳುವುದೇ ಅದರ ಗುರುತು. ಕ್ಲೋರೈಟ್ 550ರಲ್ಲೂ 1.4 ಬಿಟ್ಟು ಕದಲುವುದಿಲ್ಲ. ಕ್ಲೋರೈಟಿನ ಎರಡನೇ ಶಿಖರವೂ ಕಯೋಲಿನೈಟ್ ಎಂಬ ಇನ್ನೊಂದು ಜೇಡಿ ಖನಿಜದ ಶಿಖರವೂ 0.7ರಲ್ಲಿ ಒಂದರ ಮೇಲೊಂದು ಬೀಳುವುದರಿಂದ, 550ರಲ್ಲಿ 0.7 ಮಾಯವಾಯಿತೆಂದ ಮಾತ್ರಕ್ಕೆ ಅದು ಪೂರ್ತಿ ಕಯೋಲಿನೈಟ್ ಆಗಿತ್ತು ಎನ್ನಬೇಡಿ.

ಗಿಬ್ಸೈಟ್ (ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಖನಿಜ) ಕಂಡೊಡನೆ ‘ಬಹಳ ಹಳೆಯ ಮಣ್ಣು’ ಎನ್ನುವುದೂ ಅಷ್ಟೇ ತಪ್ಪು. ನೀರು ಸರಾಗವಾಗಿ ಬಸಿಯುವ ಇಳಿಜಾರಿನಲ್ಲಿ ಸಿಲಿಕಾ ನಿಲ್ಲುವುದಿಲ್ಲ. ಆಗ ಬಂಡೆಯ ಖನಿಜವಾದ ಫೆಲ್ಡ್‌ಸ್ಪಾರಿನಿಂದ ನೇರವಾಗಿ ಗಿಬ್ಸೈಟ್ ಹುಟ್ಟಬಹುದು.

ಕೊನೆಗೆ, ಗುಂಡಿಯ ತಳದ ಬಂಡೆಯ ಚೂರನ್ನೂ ಪುಡಿಮಾಡಿ ಕ್ಷ-ಕಿರಣಕ್ಕೆ ಒಡ್ಡಿ. ಕ್ಲೋರೈಟ್ ಅಲ್ಲೇ ಇದ್ದರೆ ಅದು ಮಣ್ಣಿನಲ್ಲಿ ಹುಟ್ಟಿದ್ದಲ್ಲ, ಬಂಡೆಯಿಂದ ಬಳುವಳಿಯಾಗಿ ಬಂದದ್ದು.