ಕ್ಯಾತ್ಸಂದ್ರದಲ್ಲಿ ಬಿಲ್ ಯಾರದು?

ವಸಂತನರಸಾಪುರದ ನಮ್ಮ ಫ್ಯಾಕ್ಟರಿಗೆ ಹೊಸ ಮೆಷಿನ್ ಕೂರಿಸಲು ಸ್ಪೇನಿನಿಂದ ಇಬ್ಬರು ಇಂಜಿನಿಯರುಗಳು ಬಂದಿದ್ದರು, ಒಬ್ಬರು ಗಂಡಸು, ಒಬ್ಬರು ಹೆಂಗಸು. ಅವರ ಇಂಗ್ಲಿಷ್ ಬೋಲ್ಟು, ಬೇರಿಂಗುಗಳಿಗಷ್ಟೇ ಸಾಲುತ್ತಿತ್ತು. ನನ್ನದೋ, ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ಮೆಕ್ಸಿಕೋ ಗಿರಾಕಿಗಳ ಬೈಗುಳ ಕೇಳಿ ಪಳಗಿದ ಸ್ಪ್ಯಾನಿಷ್. ಶನಿವಾರ ಮ್ಯಾನೇಜರ್ ಸಾಹೇಬರು ಇಂಗ್ಲಿಷಿನ ನಾಲ್ಕು ಸಾಲು ಕೊಟ್ಟು, "ಅವರ ಭಾಷೇಲಿ ಬರೆದು ಕಳಿಸಪ್ಪ" ಎಂದರು. ಭಾನುವಾರ ಹೀಗೇ ಆಚೆ ಹೋಗಿ ಬರೋಣ, ತಿಂಡಿಗೆ ಇನ್ವೈಟ್ ಮಾಡ್ತಿದೀವಿ, ಇಷ್ಟೇ ವಿಷಯ.

"ಸಾರ್, ತಿಂಡಿ ವಿಷಯದಲ್ಲಿ 'ಇನ್ವಿತಾರ್' ಅಂತ ಹಾಕಿದ್ರೆ ದುಡ್ಡು ನಾವೇ ಕೊಡ್ತೀವಿ ಅಂತಲೂ ಅರ್ಥ."

"ಮತ್ತಿನ್ನೇನು? ತಿಂಡಿಗೆ ಕರೆದು ಪಾಲು ಕೇಳಕ್ಕಾಗುತ್ತಾ?"

ಅದು ಅಲ್ಲಿಗೆ ಮುಗಿಯಿತು. ಕಷ್ಟ ಬಂದದ್ದು ನಮ್ಮ ಟ್ರೈನಿ ಹುಡುಗನಿಂದ. ಆ ಮೇಡಂಗೆ ದೇವರಾಯನದುರ್ಗ ತೋರಿಸುವ ಹುಮ್ಮಸ್ಸಿನಲ್ಲಿ, ನನ್ನ ಜೊತೆ ಆಚೆ ಬರ್ತೀರಾ ಎಂದು ಫೋನಿನ ಆ್ಯಪಿಗೆ ಇಂಗ್ಲಿಷಿನಲ್ಲಿ ಹಾಕಿದ್ದ. ಅದು 'ಕಿಯೆರೆಸ್ ಸಲೀರ್ ಕೊನ್ಮೀಗೊ' ಎಂದು ಕೊಟ್ಟಿತ್ತು. ಪುಣ್ಯಕ್ಕೆ ಕಳಿಸುವ ಮೊದಲು ನನಗೆ ತೋರಿಸಿದ. ಗುಂಪಿನಲ್ಲಿ 'ಸಲೀರ್' ಅಂದರೆ ಸುತ್ತಾಟ. ಒಬ್ಬ ಹುಡುಗ ಒಬ್ಬ ಹುಡುಗಿಗೆ ಹೀಗೆ ಕೇಳಿದರೆ ಕಥೆ ಬೇರೆ.

"ನಂಗೆ ಜೋಡಿ ಆಗ್ತೀಯಾ ಅಂತ ಕೇಳ್ದಂಗೆ ಕಣೋ."

"ಅಯ್ಯೋ ಅಣ್ಣಾ, ಅಳಿಸಿಬಿಡಿ ಅಳಿಸಿಬಿಡಿ!"

ಇಬ್ಬರಿಗೂ ಸೇರಿಸಿ 'ಕೆದಾಮೋಸ್ ಎಲ್ ದೊಮಿಂಗೊ?' ಎಂದು ಬರೆದುಕೊಟ್ಟೆ. ಭಾನುವಾರ ಸಿಗೋಣವಾ ಅಂತ. ಮೆಕ್ಸಿಕೋದವರಾದರೆ 'ನೋಸ್ ವೇಮೋಸ್' ಅನ್ನುತ್ತಿದ್ದರೇನೋ. ಸ್ಪೇನಿನವರಿಗೆ ಮಾತು ಮಾತಿಗೂ ಕೆದಾರ್. ಜೊತೆಗೆ 'ದಾರ್ ಉನ ಬುಎಲ್ತ' ಸೇರಿಸಿದೆ. ಇದಕ್ಕೆ ಮಾತ್ರ ಇಂಗ್ಲಿಷ್ ಬೇಕಾಗಲಿಲ್ಲ, ನಮ್ಮ 'ಒಂದು ರೌಂಡ್ ಹಾಕ್ಕೊಂಡು ಬರೋಣ' ಹೆಚ್ಚುಕಮ್ಮಿ ಅದೇ.

ಬೆಳಿಗ್ಗೆ ಬೆಟ್ಟ ಹತ್ತಿ, ನರಸಿಂಹಸ್ವಾಮಿ ದರ್ಶನ ಮಾಡಿ, ನಾಮದ ಚಿಲುಮೆ ನೋಡಿ, ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಬಂದೆವು. ತಿಂದಾಯಿತು, ಕಾಫಿಯೂ ಆಯಿತು. ಅತಿಥಿಗಳು ಏಳುವ ಸೂಚನೆಯೇ ಇಲ್ಲ. ಉಂಡಮೇಲೆ ಮೇಜು ಬಿಡದೆ ಹರಟುವುದಕ್ಕೆ ಅವರಲ್ಲಿ 'ಸೊಬ್ರೆಮೇಸ' ಎಂದು ಹೆಸರೇ ಇದೆ. ಭಾನುವಾರದ ಕ್ಯಾತ್ಸಂದ್ರದಲ್ಲಿ ಅದೆಲ್ಲಿ ನಡೆಯಬೇಕು! ಒಂದೊಂದು ಕುರ್ಚಿಯ ಹಿಂದೂ ಒಂದೊಂದು ಸಂಸಾರ ನಿಂತಿತ್ತು. ಒಬ್ಬ ಅಜ್ಜಿ ಆಗಲೇ ತನ್ನ ಬ್ಯಾಗನ್ನು ನಮ್ಮ ಮೇಜಿನ ಮೇಲಿಟ್ಟಿದ್ದರು. ಸ್ಪೇನಿನಾತ ಅದನ್ನು ನೋಡಿ, ಮಾತು ಅರ್ಧಕ್ಕೇ ಬಿಟ್ಟು ತಾನೇ ಎದ್ದ.

ಎದ್ದವನು ನೇರ ಕೌಂಟರಿಗೆ ಹೋಗಿ, ಎದೆ ಮುಟ್ಟಿಕೊಂಡು "ಇನ್ವೀತೊ ಯೊ!" ಅಂದ. ನಾನು ಅನುವಾದಿಸುವ ಮೊದಲೇ ನಮ್ಮ ಸಾಹೇಬರಿಗೆ ಅರ್ಥವಾಗಿ, ಅವನ ಕೈ ಹಿಡಿದು "ನೋ ನೋ, ಗೆಸ್ಟು ನೀವು" ಎಂದು ಎಳೆದಾಡತೊಡಗಿದರು. ಇಬ್ಬರ ತಳ್ಳಾಟ ನಡೆದಿರುವಾಗಲೇ ಟ್ರೈನಿ ಹುಡುಗ ಫೋನ್ ಪೇ ಮಾಡಿ, ಮೇಡಂ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾ ನಿಂತಿದ್ದ.